ಎಳೆ ಸುಟ್ಟು ನೋಡುವುದು

ಉಡುಪಿಯ ಕೆ.ಎಂ. ಮಾರ್ಗದ ಹಿಂದಿನ ಓಣಿಯಲ್ಲಿ
ಮೋನಬ್ಬಾಕನ ಕಾರ್ಪೆಟ್ ಅಂಗಡಿ.
ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಕಲಿಸಿದ್ದು
ಬಿಲ್ಲು ಬರೆಯುವುದನ್ನಲ್ಲ,
ಎಳೆ ಸುಡುವುದನ್ನು.

ಚಿಮಟದಲ್ಲಿ ಒಂದೆಳೆ ಹಿಡಿ, ಲೈಟರ್ ತೋರಿಸು, ಮೂಗು ಕೊಡು.
ಕೂದಲು ಸೀದ ವಾಸನೆಯಾ? ಉಣ್ಣೆ.
ಹಳೇ ನೋಟ್‌ಬುಕ್ ಸುಟ್ಟ ಹಾಗಾ? ಸೆಣಬು, ಇಲ್ಲವೇ ಹತ್ತಿ.
ಬೂದಿ ಉಫ್ ಅಂದರೆ ಹಾರಬೇಕು.
ಕರಗಿ, ಕರಿಮಣಿಯಾಗಿ ಬೆರಳಿಗೆ ಅಂಟಿತೋ,
"ಅದು ಪೆಟ್ರೋಲು ಮಾರಾಯ,
ಕುರಿಯ ಹೆಸರು ಹೇಳಿ ಮಾರಬೇಡ.
ನಾಳೆ ಮೇಲೆ ಲೆಕ್ಕ ಕೊಡಲಿಕ್ಕುಂಟು."

ಹೀಗೆ ನನ್ನ ಮೂಗು ಸಂಬಳಕ್ಕೆ ಬಿತ್ತು.

ಒಂದು ಸೋಮವಾರ ಮಣಿಪಾಲದ ಡಾಕ್ಟರಮ್ಮ ಬಂದರು.
ಹನ್ನೊಂದನೇ ಮಾಳಿಗೆ, ಹೊಸ ಫ್ಲ್ಯಾಟು, ಮಗುವಿಗೆ ಉಬ್ಬಸ.
"ಪ್ಲಾಸ್ಟಿಕ್ ಬೇಡ. ನ್ಯಾಚುರಲ್ ಬೇಕು.
ವಾಸನೆ ಮಾತ್ರ ಇರಬಾರದು."
ತೆಂಗಿನ ನಾರಿನ ಸುರುಳಿ ಬಿಚ್ಚಿ ಹಾಸಿದೆ.
ಚಪ್ಪಲಿ ಕಳಚಿ ಒಂದು ಪಾದ ಇಟ್ಟು
ತಟ್ಟನೆ ತೆಗೆದರು.
"ಚುಚ್ತದೆ."
ಚುಚ್ಚಿದರೇ ಅಲ್ಲವಾ ಮೇಡಂ, ಕಾಲು ಮಣ್ಣು ಬಿಡುವುದು.
"ವಾಸನೆ?"
ಇಲ್ಲ ಅಂದೆ. ಸುಳ್ಳಲ್ಲ ಅಂದುಕೊಂಡೆ.
ವಾಸನೆಯೆಲ್ಲ ಪಿತ್ರೋಡಿಯಲ್ಲೇ ಉಳಿದಿದೆ.

ಅಲ್ಲಿ, ಹೊಳೆ ಕಡಲಿಗೆ ಮುಖ ತಿರುಗಿಸುವ ಮುಂಚೆ
ಉಪ್ಪುನೀರು ಬಂದು ಹೋಗುವ ಕೆಸರಲ್ಲಿ
ದೊಡ್ಡಮ್ಮ ಲೋಲಾಕ್ಷಿ ಸಿಪ್ಪೆ ಹೂಳುತ್ತಿದ್ದಳು.
ಮೇಲೆ ಮಡಲು, ಮಡಲ ಮೇಲೆ ಕಲ್ಲು,
ಕಲ್ಲಿನ ಮೇಲೆ ಒಮ್ಮೊಮ್ಮೆ ಬೆಳ್ಳಕ್ಕಿ.
ಹತ್ತು ತಿಂಗಳು.
"ಬಸುರಿಗಿಂತ ಒಂದು ಜಾಸ್ತಿ" ಅನ್ನುವಳು.
ತಾನು ಹೆರದ ಹೆರಿಗೆಯ ಲೆಕ್ಕ
ಅವಳಿಗೆ ಬಾಯಿಪಾಠ.

ಹೊಂಡ ತೆರೆದ ದಿನ ಕೊಳೆತ ಮೊಟ್ಟೆಯ ಗಬ್ಬು
ಪೋಸ್ಟ್ ಆಫೀಸಿನವರೆಗೂ ನಡೆದು ಹೋಗುವುದು.
ಕೊಡತಿಯಲ್ಲಿ ಬಡಿ, ತೊಳೆ, ಮತ್ತೆ ಬಡಿ;
ಕಪ್ಪು ರಾಡಿಯ ಒಳಗಿಂದ
ಮೆಲ್ಲಗೆ ಹೊಸ ಬೆಲ್ಲದ ಬಣ್ಣ.
ಒಣಗಿದ ಮೇಲೆ ಅಂಗೈಯಲ್ಲಿ ಹೊಸೆಯುವಳು,
ಯಾರನ್ನೋ ಬೈಯುತ್ತಾ,
ಹುರಿ ಅವಳ ಬೈಗುಳದಷ್ಟೇ ಉದ್ದ.

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು.
ನಿಂತವರು ನಿಂತೇ ಇರುತ್ತಿದ್ದರು.
ಐದನೇ ಕ್ಲಾಸಿನ ನಾನು ಒಮ್ಮೆ
ಅವಳನ್ನು ಕಂಡು, ಹಿಂದಿನ ಬಾಗಿಲಲ್ಲಿ ಹತ್ತಿ
ಕಂಬಿಗೆ ಜೋತು
ಕಿನ್ನಿಮೂಲ್ಕಿವರೆಗೂ ಹೊರಗೇ ನೋಡಿದ್ದೆ.
ಕಂಡಕ್ಟರ್ ನನ್ನ ಹತ್ತಿರ ದುಡ್ಡು ಕೇಳಲಿಲ್ಲ.
ಮುಂದಿನ ಸೀಟಿನ ಹೆಂಗಸು
ಎರಡು ಟಿಕೇಟು ತೆಗೆದಿದ್ದಳಂತೆ.

ಡಾಕ್ಟರಮ್ಮ ಅದನ್ನೇ ಕೊಂಡರು.
ಹಾಲ್ ಹನ್ನೆರಡು ಒಂಬತ್ತು, ಬಾಲ್ಕನಿ ಬೇರೆ.
ಅಂಚು ಕತ್ತರಿಸಿ ಉಳಿದ ಗೇಣಗಲದ ತುಂಡನ್ನು
ಚೀಲಕ್ಕೆ ಹಾಕಿಕೊಂಡೆ.
ಯಾಕೆಂದು ಕೇಳಿದರೆ ಗೊತ್ತಿಲ್ಲ.
ಭಾನುವಾರ ಪಿತ್ರೋಡಿ. ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿದೆ.
ತುಂಡನ್ನು ಕೈಗಿಟ್ಟು, ಲೈಟರ್ ತೆಗೆಯುವಷ್ಟರಲ್ಲಿ
ಎಳೆಯೊಂದನ್ನು ಉಗುರಿನಿಂದ ಕೆರೆದು
ಎಡಗೈ ಬೆರಳಲ್ಲಿ ತಿರುವಿ ಬಿಟ್ಟಳು.
"ಇದು ಹೊಳೆ ಕಂಡದ್ದಲ್ಲ ಮಗಾ.
ಒಣ ಸಿಪ್ಪೆ, ಮಿಷನ್ ಹೊಡೆತ.
ಕೊಳೆಯದ್ದಕ್ಕೆ ವಾಸನೆ ಎಲ್ಲಿಂದ?"

ಹೊರಗೆ ಉಬ್ಬರ. ಅವಳ ಹೊಂಡದ ಜಾಗದಲ್ಲಿ
ಯಾರದೋ ಸಿಗಡಿ ಕೆರೆಯ ಮೋಟರು.
ನಾನು ಮೂಗು ಎಳೆದು ನೋಡಿದೆ:
ಡೀಸೆಲು, ಉಪ್ಪು, ಅವಳ ಹೊಗೆಸೊಪ್ಪು.
ಅಷ್ಟೇ.

"ಬಿಸಾಡ್ಬೇಡ, ಕೋಳಿ ಕೂರಿಸಲಿಕ್ಕೆ ಆಗ್ತದೆ"
ಅಂದು, ತಡವುತ್ತಾ ಹೋಗಿ
ಬಾಗಿಲ ಮೂಲೆಯ ಬುಟ್ಟಿಯಲ್ಲಿ ಹಾಸಿದಳು.
ಏಳು ಮೊಟ್ಟೆ.
ಹೇಂಟೆ ಒಮ್ಮೆ ಎದ್ದಿತು,
ಎಳೆಯೊಂದನ್ನು ಕುಕ್ಕಿ ಉಗಿಯಿತು,
ಮತ್ತೆ ಕೂತಿತು.